ಕೊಟ್ಟಿಗೆಯ ದೀಪ ಸುಟ್ಟಿದ್ದು ಯಾರ ತಪ್ಪು?

“ದೀಪ ಹೆಂಗಿದೆ ಅಪ್ಪಯ್ಯ?” ಅಂತ ಫೋನಲ್ಲಿ ಕೇಳಿದಾಗಲೆಲ್ಲ “ಚೆನ್ನಾಗಿದೆ ಮಾರಾಯ” ಅನ್ನೋರು. ದೀಪಾವಳಿಗೆ ಊರಿಗೆ ಹೋದವನು ಬೆಳಗಿನ ಜಾವ ಕೊಟ್ಟಿಗೆಗೆ ಇಣುಕಿದರೆ, ಅಪ್ಪಯ್ಯ ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡು ಟಾರ್ಚ್ ಬೆಳಕಲ್ಲಿ ಹಾಲು ಕರೀತಿದ್ದಾರೆ. ನಾನು ಮಾಡಿಕೊಟ್ಟ ಎಲ್‌ಇಡಿ ದೀಪ ಗಣಪತಿ ಹಬ್ಬ ಆದ ವಾರವೇ ಹೋಗಿತ್ತಂತೆ.

“ಬೆಳಗ್ಗೆ ಆರಿಸೋದು ಮರೆತೆ. ಮಧ್ಯಾಹ್ನ ನೋಡಿದ್ರೆ ಸುಟ್ಟಿತ್ತು. ನಂದೇ ತಪ್ಪು, ನಿಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ” ಅಂದರು.

ಹೋದ ವರ್ಷ ಅಮ್ಮ ಅಲ್ಲೇ ಕತ್ತಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಕ್ಕೇ ಆ ದೀಪ ಮಾಡಿದ್ದು. ಸೋಲಾರ್‌ನ 12 ವೋಲ್ಟ್ ಬ್ಯಾಟರಿಗೆ ಮೂರು ಪವರ್ ಎಲ್‌ಇಡಿ ಸಾಲಾಗಿ ಜೋಡಿಸಿದ್ದೆ. ಒಂದೊಂದಕ್ಕೆ 3.3 ವೋಲ್ಟ್, ಒಟ್ಟು 9.9. ಉಳಿದ 2.1 ವೋಲ್ಟ್‌ಗೆ 3 ಓಮ್ ರೆಸಿಸ್ಟರ್. 0.7 ಆಂಪಿಯರ್, ಲೆಕ್ಕ ಪಕ್ಕಾ! ಇಂಜಿನಿಯರಿಂಗ್ ಓದಿದ ಜಂಬ ಬೇರೆ.

ಆದರೆ 12 ವೋಲ್ಟ್ ಅನ್ನೋದು ಬ್ಯಾಟರಿಯ ಹೆಸರು ಅಷ್ಟೆ. ಬಿಸಿಲಲ್ಲಿ ಚಾರ್ಜ್ ಆಗುವಾಗ ಅದು 14.4ರ ತನಕ ಏರತ್ತೆ. ಆಗ ಅದೇ ರೆಸಿಸ್ಟರ್ ಮೇಲೆ ಬೀಳೋದು 4.5 ವೋಲ್ಟ್, ಅಂದ್ರೆ ಕರೆಂಟ್ ಹೆಚ್ಚುಕಮ್ಮಿ ದುಪ್ಪಟ್ಟು. ಎಲ್‌ಇಡಿ ಬಿಸಿಯಾದಷ್ಟೂ ಅದರ ವೋಲ್ಟೇಜ್ ಇಳಿಯತ್ತೆ, ಕರೆಂಟ್ ಇನ್ನಷ್ಟು ಏರತ್ತೆ. ಸ್ವಿಚ್ ಆರಿಸೋಕೆ ಮರೆತರೆ ಸುಡೋ ದೀಪ ಮಾಡಿದ್ದು ನಾನು. ಅಪ್ಪಯ್ಯ ಎರಡು ತಿಂಗಳು ಅದನ್ನ ತನ್ನ ತಪ್ಪು ಅಂದುಕೊಂಡಿದ್ದರು.

ಬೆಂಗಳೂರಿಗೆ ಬಂದವನೇ ಎಸ್.ಪಿ. ರೋಡಿಗೆ ಹೋದೆ. ಬರೀ ‘ಎಲ್‌ಇಡಿ ಡ್ರೈವರ್’ ಅಂತ ಕೇಳಿದ್ದಕ್ಕೆ ಮನೆಯ 230 ವೋಲ್ಟ್‌ಗೆ ಹಾಕೋದನ್ನ ಕೊಟ್ಟರು. ನನಗೆ ಬೇಕಿದ್ದದ್ದು ಬ್ಯಾಟರಿಯಿಂದ ನಡೆಯುವ, ವೋಲ್ಟೇಜ್ ಎಷ್ಟೇ ಆಡಿದರೂ ಕರೆಂಟನ್ನು 0.7 ಆಂಪಿಯರ್‌ಗೇ ಹಿಡಿದಿಡುವ ಬಕ್ ಡ್ರೈವರ್. ಹತ್ತು ಸಲ ವಿವರಿಸಿದ ಮೇಲೆ ಸಿಕ್ಕಿತು. ಬೆರಳುಗಾತ್ರದ ಬೋರ್ಡು.

ಅಲ್ಲೂ ಒಂದು ಕೊಕ್ಕೆ. ಬಕ್ ಅನ್ನೋದು ವೋಲ್ಟೇಜನ್ನ ಇಳಿಸತ್ತೆ, ಏರಿಸಲ್ಲ. ಎಲ್‌ಇಡಿಗೆ ಬೇಕಾದ್ದಕ್ಕಿಂತ ಒಂದೆರಡು ವೋಲ್ಟ್ ಜಾಸ್ತಿ ಒಳಗೆ ಬರ್ತಾ ಇರಬೇಕು. ಮಳೆಗಾಲದಲ್ಲಿ ಬ್ಯಾಟರಿ 11ಕ್ಕೆ ಇಳಿದರೆ ಮೂರು ಎಲ್‌ಇಡಿಯ 9.9 ವೋಲ್ಟ್ ಕೊಡೋಕೆ ಅದು ಒದ್ದಾಡತ್ತೆ. ಅದಕ್ಕೆ ಒಂದನ್ನ ಕಮ್ಮಿ ಮಾಡಿದೆ. ಎರಡಕ್ಕೆ 6.6 ವೋಲ್ಟ್ ಸಾಕು, ಬ್ಯಾಟರಿ ಎಷ್ಟು ಇಳಿದರೂ ಚಿಂತೆಯಿಲ್ಲ. ಬೆಳಕು ಸ್ವಲ್ಪ ಕಮ್ಮಿ, ನಿಜ. ಜೊತೆಗೆ ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್. ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲದಿದ್ದರೆ ಯಾವ ಡ್ರೈವರ್ ಹಾಕಿಯೂ ಪ್ರಯೋಜನ ಇಲ್ಲ.

ಮುಂದಿನ ಸಲ ಊರಿಗೆ ಹೋದಾಗ ಹಾಕಿಕೊಟ್ಟೆ. ಬೆಳಗ್ಗೆ ಹಾಲು ಕರೆದಾದ ಮೇಲೂ ಬೇಕಂತಲೇ ಉರಿಯೋಕೆ ಬಿಟ್ಟೆ. ಮಧ್ಯಾಹ್ನ ಮೀಟರ್ ಹಿಡಿದು ನೋಡಿದೆ: ಬ್ಯಾಟರಿ 14.3, ಎಲ್‌ಇಡಿಗೆ ಅದೇ 0.7. ಅಷ್ಟರಲ್ಲಿ ಅಪ್ಪಯ್ಯ ಸ್ವಿಚ್ಚಿಗೆ ಕೈ ಹಾಕಿದರು.

“ಇರಲಿ ಬಿಡಿ, ಈಗ ಏನೂ ಆಗಲ್ಲ” ಅಂದೆ.

“ನೆತ್ತಿ ಮೇಲೆ ಸೂರ್ಯ ಇದಾನೆ, ದೀಪ ಯಾಕೋ ದಂಡಕ್ಕೆ?” ಅಂತ ಬೈದು, ಆರಿಸಿಯೇ ಹೋದರು.