ನಂಟರ ನಾಡಿನಲ್ಲಿ

ಪರರ ಮನೆಗೆ ಹೋಗುವವನು ಎಚ್ಚರದಿಂದ ಕಾಲಿಡುತ್ತಾನೆ. ನಂಟರ ಮನೆಗೆ ಹೋಗುವವನು ಆ ಎಚ್ಚರವನ್ನು ಹೊಸ್ತಿಲಿನಾಚೆಯೇ ಬಿಟ್ಟು ಒಳಹೊಗುತ್ತಾನೆ. 2018ರ ಏಪ್ರಿಲ್ ತಿಂಗಳಿನಲ್ಲಿ ಥಾಯ್‌ಲೆಂಡಿಗೆ ಹೋದಾಗ ನಾನು ಮಾಡಿದ ತಪ್ಪು ಈ ಎರಡನೆಯ ಬಗೆಯದು.

ಅದಕ್ಕೆ ಕಾರಣವಿಲ್ಲದಿರಲಿಲ್ಲ. 1939ರವರೆಗೆ ಸಯಾಮ್ ಎನಿಸಿಕೊಂಡಿದ್ದ ಆ ದೇಶದಲ್ಲಿ ಇಳಿದೊಡನೆಯೇ ನಮ್ಮವೆನ್ನಬಹುದಾದ ಗುರುತುಗಳು ಕಣ್ಣಿಗೆ ಬೀಳತೊಡಗಿದುವು. ವಿಮಾನನಿಲ್ದಾಣದ ಹೆಸರೇ ಸುವರ್ಣಭೂಮಿ. ಅದರೊಳಗೆ ಸಮುದ್ರಮಥನದ ದೊಡ್ಡ ಶಿಲ್ಪ. ಎದುರಾದವರು ಕೈಜೋಡಿಸಿ ‘ಸವತ್‌ದೀ’ ಎನ್ನುವರು. ಅದು ನಮ್ಮ ‘ಸ್ವಸ್ತಿ’ಯಿಂದ ಹುಟ್ಟಿದ ಮಾತು. ಬ್ಯಾಂಕಾಕಿನ ಅರಮನೆಯ ದೇವಾಲಯದ ಪ್ರಾಕಾರದಲ್ಲಿ ರಾಮಕಥೆಯು ಗೋಡೆಯುದ್ದಕ್ಕೂ ಚಿತ್ರಿತವಾಗಿದೆ. ಹಳೆಯ ರಾಜಧಾನಿಯಾದ ಅಯುತ್ಥಯಾಕ್ಕೆ ಹೆಸರು ಬಂದುದು ಅಯೋಧ್ಯೆಯಿಂದ. ಇಂತಹ ನಾಡಿನಲ್ಲಿ ನಾನು ಹೊಸದಾಗಿ ಕಲಿಯತಕ್ಕದ್ದೇನಿದೆ ಎಂದುಕೊಂಡೆನು. ಅವರ ರಾಮಕಥೆಯ ಹನುಮಂತನು ಬ್ರಹ್ಮಚಾರಿಯಲ್ಲ, ಪ್ರಣಯಿ ಎಂದು ಕೇಳಿದಾಗಲಾದರೂ ಎಚ್ಚತ್ತುಕೊಳ್ಳಬೇಕಾಗಿತ್ತು.

ನಾನು ಇಳಿದುಕೊಂಡಿದ್ದುದು ಅಯುತ್ಥಯಾದ ಸ್ನೇಹಿತರೊಬ್ಬರ ಮನೆಯಲ್ಲಿ. ಏಪ್ರಿಲ್ 13 ಸೊಂಗ್‌ಕ್ರಾನ್ ಹಬ್ಬ. ಈ ಶಬ್ದವೂ ನಮ್ಮ ‘ಸಂಕ್ರಾಂತಿ’ಯೇ, ಅದು ಸೂರ್ಯನು ಮೇಷರಾಶಿಯನ್ನು ಸೇರುವ ಕಾಲದ ಹೊಸ ವರುಷ. ಬೆಳಗ್ಗೆ ಎಲ್ಲರೊಡನೆ ವಿಹಾರಕ್ಕೆ ಹೋದೆನು. ಬುದ್ಧಮೂರ್ತಿಯ ಮುಂದೆ ಅವರು ಎರಡು ಕಾಲುಗಳನ್ನೂ ಒಂದೇ ಮಗ್ಗುಲಿಗೆ ಮಡಿಸಿ, ಅಂಗಾಲು ಹಿಂದಾಗುವಂತೆ ಕುಳಿತರು. ನನ್ನ ಮೊಣಕಾಲು ಅದಕ್ಕೆ ಬಹಳ ಹೊತ್ತು ಒಪ್ಪಲಿಲ್ಲ. ದೇವರಿಗೆದುರಾಗಿ ಕಾಲು ನೀಡಬಾರದೆಂಬುದು ನಮ್ಮ ಮನೆಯ ಪಾಠವೂ ಹೌದಾದುದರಿಂದ ಪಕ್ಕಕ್ಕೆ ನೀಡಿಕೊಂಡೆನು. ಅತ್ತ ಕಡೆ ಕುಳಿತಿದ್ದ ವೃದ್ಧೆಯೊಬ್ಬರು ತಮ್ಮ ಹೆಗಲಿನ ವಸ್ತ್ರವನ್ನು ತೆಗೆದು, ಮೆಲ್ಲನೆ ನನ್ನ ಪಾದಗಳ ಮೇಲೆ ಹೊದಿಸಿ ನಕ್ಕರು. ಅತಿಥಿಯ ಮೇಲೆ ಎಷ್ಟು ಅಕ್ಕರೆ ಎಂದು ನಾನೂ ನಕ್ಕೆನು.

ಮಧ್ಯಾಹ್ನ ಮನೆಯಲ್ಲಿ ಕಿರಿಯರು ಹಿರಿಯರ ಅಂಗೈಗಳಿಗೆ ಸುಗಂಧಜಲವನ್ನೆರೆದು ಆಶೀರ್ವಾದ ಬೇಡುವ ಕ್ರಮ ನಡೆಯಿತು. ನನ್ನ ನರೆಗೂದಲನ್ನು ಕಂಡು ನನ್ನನ್ನೂ ಹಿರಿಯರ ಸಾಲಿನಲ್ಲಿ ಕುಳ್ಳಿರಿಸಿದರು. ಸ್ನೇಹಿತರ ಮಗನು, ಹನ್ನೆರಡು ವರುಷದ ಹುಡುಗ, ಮಂಡಿಯೂರಿ ನನ್ನ ಕೈಗೆ ನೀರೆರೆದನು. ಊರಿನಲ್ಲಿದ್ದ ಮೊಮ್ಮಗನ ನೆನಪಾಗಿ ನನ್ನ ಮನಸ್ಸು ಕರಗಿತು. ಅವನ ನೆತ್ತಿಯ ಮೇಲೆ ಕೈಯಿಟ್ಟು, ಕೂದಲನ್ನು ನೇವರಿಸಿ, ‘ದೀರ್ಘಾಯುವಾಗು’ ಎಂದೆನು. ಹುಡುಗನು ಕುಗ್ಗಿಹೋದನು. ಒಂದು ಕ್ಷಣ ಮನೆಯೆಲ್ಲ ನಿಶ್ಶಬ್ದವಾಯಿತು. ಬಳಿಕ ಅವನ ಅಜ್ಜಿ ನಕ್ಕು, ‘ಮೈ ಪೆನ್ ರಾಯ್’ ಎಂದರು. ಚಿಂತೆಯಿಲ್ಲವೆಂದು ಅದರ ಅರ್ಥ.

ಚಿಂತಿಸತಕ್ಕದ್ದೇನೋ ಇದ್ದುದರಿಂದಲೇ ಅಲ್ಲವೆ ಆ ಮಾತು ಬಂದುದು? ರಾತ್ರಿ ಸ್ನೇಹಿತರನ್ನು ಒತ್ತಾಯಪಡಿಸಿ ಕೇಳಿದೆನು. ಮನುಷ್ಯನ ‘ಖ್ವನ್’, ಎಂದರೆ ಅವನ ಜೀವಸತ್ತ್ವವು, ತಲೆಯಲ್ಲಿ ನೆಲಸಿರುವುದೆಂದು ಅವರ ಹಿಂದಿನಿಂದ ಬಂದ ನಂಬಿಕೆ. ಅದನ್ನು ಮುಟ್ಟುವ ಸಲಿಗೆ ಹೆತ್ತವರಿಗೂ ಮನೆಯ ಹತ್ತಿರದವರಿಗೂ ಉಂಟು, ಹೊರಗಿನವನಿಗಿಲ್ಲ. ಪಾದವಾದರೋ ದೇಹದಲ್ಲಿ ಅತಿ ಕೀಳು. ಅದನ್ನು ದೇವರ ಕಡೆಗೆ ಮಾತ್ರವಲ್ಲ, ಮನುಷ್ಯರ ಕಡೆಗೂ ಚಾಚಬಾರದು. “ಹಾಗಾದರೆ ಬೆಳಗಿನ ಆ ವಸ್ತ್ರ?” ಎಂದೆನು. ಸ್ನೇಹಿತರು ಉತ್ತರ ಕೊಡದೆ ನಕ್ಕರು. ಆ ತಾಯಿ ಮುಚ್ಚಿದುದು ನನ್ನ ಅವಿನಯವನ್ನೆಂದು ಆಗ ಅರಿವಾಯಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಿಂದಿನ ದಿನಗಳಲ್ಲಿ ಕಂಡ ಎಷ್ಟು ನಗೆಗಳು ಹೀಗೆಯೇ ನನ್ನನ್ನು ಮನ್ನಿಸಿದ್ದುವೋ! ಅವರ ಸೌಜನ್ಯವು ಅತಿಥಿಯ ತಪ್ಪನ್ನು ಎತ್ತಿ ಆಡದು. ಆದುದರಿಂದ ಕೇಳಿ ತಿಳಿಯುವ ಭಾರವೆಲ್ಲ ಅತಿಥಿಯದು. ಮಾತಿನ ಬೇರು ಒಂದೇ ಎಂದು ತಿಳಿದು ನಾನು ಕೇಳುವುದನ್ನೇ ಬಿಟ್ಟಿದ್ದೆನು.

ಮರುದಿನ ಕೇಳಿ ಕಲಿತೆನು. ನಾನು ಎಲ್ಲರಿಗೂ ಎದೆಯ ಮುಂದೆ ಕೈಜೋಡಿಸುತ್ತಿದ್ದೆನು. ಅವರ ‘ವಾಯ್’ ಎಂಬ ವಂದನೆಯಲ್ಲಿ ಸಮಾನರಿಗೆ ಹೆಬ್ಬೆರಳು ಗಲ್ಲಕ್ಕೆ, ಹಿರಿಯರಿಗೆ ಮೂಗಿಗೆ, ಭಿಕ್ಷುಗಳಿಗೆ ಹುಬ್ಬುಗಳ ನಡುವಿಗೆ ತಾಗಬೇಕು. ಹೊರಡುವ ದಿನ ಅಜ್ಜಿಗೆ ಮೂಗಿನ ಮಟ್ಟಕ್ಕೆ ಕೈಯೆತ್ತಿ ತಲೆಬಾಗಿದೆನು. ಆಮೇಲೆ ಹುಡುಗನು ಬಂದು ವಂದಿಸಿದನು. ಅಭ್ಯಾಸಬಲದಿಂದ ನನ್ನ ಬಲಗೈ ಅವನ ನೆತ್ತಿಯ ಕಡೆಗೆ ಎದ್ದಿತು. ಅರ್ಧದಲ್ಲಿಯೇ ತಡೆದು ಎಡಗೈಗೆ ಜೋಡಿಸಿದೆನು. ಅವನು ಅದನ್ನು ಕಂಡು ಗಟ್ಟಿಯಾಗಿ ನಕ್ಕನು. ಆ ನಗೆಯ ಅರ್ಥವನ್ನು ನಾನು ಯಾರನ್ನೂ ಕೇಳಬೇಕಾಗಲಿಲ್ಲ.