ಒಂದು ಅಕ್ಷರದ ಬೆಲೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ತರಕಾರಿ ಅಂಗಡಿಯಿಂದ ಹಿಡಿದು ಬ್ಯಾಂಕಿನ ಪಾಸ್‌ಬುಕ್ಕಿನವರೆಗೆ ಎಲ್ಲಿ ಲೆಕ್ಕ ತಪ್ಪಿದ್ದರೂ ಹಿಡಿದು ತೋರಿಸುವ ಚಟ ನನಗೆ. ಅಂಥ ನಾನೇ ಒಂದು ಸುಲಭದ ಕಳೆಯುವ ಲೆಕ್ಕದಲ್ಲಿ ಎಡವಿ, ಮಗಳ ಕಣ್ಣಲ್ಲಿ ನೀರು ತರಿಸಿದ ಪ್ರಸಂಗ ಇದು.

2023ರಲ್ಲಿ ಮಗಳು ನಮ್ಮ ತಿಪಟೂರಿನಲ್ಲೇ ಇಂಜಿನಿಯರಿಂಗ್ ಸೇರಿದಳು. ಕಂಪ್ಯೂಟರ್ ಬೇಕಾಯಿತು. ಲ್ಯಾಪ್‌ಟಾಪ್ ಕೊಡಿಸೋಣವೆಂದರೆ ಅವಳು ಒಪ್ಪಲಿಲ್ಲ. "ಬಿಡಿಭಾಗ ತಂದು ನಾನೇ ಜೋಡಿಸ್ತೀನಪ್ಪ. ಏನಾದರೂ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು" ಎಂದಳು. ನನ್ನಾಕೆ ಎರಡು ವರ್ಷದಿಂದ ಕಟ್ಟುತ್ತಿದ್ದ ಚೀಟಿಯ ಹಣ ಆಗಷ್ಟೇ ಬಂದಿತ್ತು. ಅದರಲ್ಲಿ 36 ಸಾವಿರ ಎಣಿಸಿ ಮಗಳ ಕೈಗಿಟ್ಟಳು.

ಮಗಳು ಹದಿನೈದು ದಿನ ಕೂತು ಪಟ್ಟಿ ಬರೆದಳು. ಒಂದೊಂದು ಸಾಲಿನ ಮುಂದೆಯೂ ಕಾರಣವಿತ್ತು. ಪ್ರೊಸೆಸರ್ ಇಂಟೆಲ್ ಐ3-12100: ಪರದೆಯಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಅದರೊಳಗೇ ಇದೆ, ಬೇರೆ ಕಾರ್ಡಿನ ಖರ್ಚಿಲ್ಲ. ರ‍್ಯಾಮ್ 8 ಜಿಬಿಯವು ಎರಡು: 16 ಜಿಬಿಯ ಒಂದಕ್ಕಿಂತ ಜೋಡಿಯಾಗಿ ದುಡಿಯುವ ಎರಡು ಚುರುಕು. ಹಾರ್ಡ್ ಡಿಸ್ಕಿನ ಬದಲು 500 ಜಿಬಿಯ ಎಸ್‌ಎಸ್‌ಡಿ. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮಾತ್ರ ಒಳ್ಳೆಯ ಕಂಪನಿಯದೇ ಬೇಕು. ಅಗ್ಗದ್ದು ಕೆಟ್ಟರೆ ತಾನೊಂದೇ ಹೋಗದೆ ಮಿಕ್ಕವನ್ನೂ ಜೊತೆಗೆ ಕರೆದೊಯ್ಯಬಹುದು. ಕೊನೆಯ ಸಾಲು: "ಕ್ಯಾಬಿನೆಟ್ ಯಾವುದಾದರೂ ಸರಿ, ಗಾಳಿಯಾಡಿದರೆ ಸಾಕು."

ರೈಲಿನಲ್ಲಿ ಬೆಂಗಳೂರಿಗೆ ಬಂದು, ಟೌನ್‌ಹಾಲ್ ಸಮೀಪದ ಎಸ್.ಪಿ. ರಸ್ತೆಗೆ ಹೋದೆವು. ಆ ಕಿರಿದಾದ ಬೀದಿಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡಿವೆ. ಒಂದರಲ್ಲಿ ಗಾಜಿನ ಬಾಗಿಲಿನ ಕ್ಯಾಬಿನೆಟ್ಟೊಂದು ಬಣ್ಣಬಣ್ಣದ ದೀಪ ಹೊತ್ತಿಸಿಕೊಂಡು ಕೂತಿತ್ತು. ಮಗಳು ಒಮ್ಮೆ ಅದರ ಕಡೆ ನೋಡಿ, ಬೆಲೆ ಓದಿ, ಮುಖ ತಿರುಗಿಸಿದಳು. ಅಪ್ಪನ ಕರುಳಿಗೆ ಅಷ್ಟು ಸಾಕಾಯಿತು.

ಅವಳು ಎದುರಿನ ಅಂಗಡಿಯಲ್ಲಿ ಕೀಬೋರ್ಡ್ ಒತ್ತಿ ನೋಡುತ್ತಿದ್ದಾಗ ಮೆಲ್ಲಗೆ ಕೇಳಿದೆ: "ಇದರಲ್ಲಿ ಏನಾದರೂ ಕಮ್ಮಿ ಆಗುತ್ತೇನಪ್ಪ?"

"ಇದೇ ಪ್ರೊಸೆಸರ್‌ನಲ್ಲಿ ಕೊನೆಗೆ ಎಫ್ ಅಂತ ಇರೋದು ತಗೊಂಡ್ರೆ ಎರಡು ಸಾವಿರ ಕಮ್ಮಿ ಸಾರ್. ಗ್ರಾಫಿಕ್ಸ್ ಕಾರ್ಡ್ ಇದೆ ತಾನೆ?"

"ಎಲ್ಲಾ ಇದೆ, ಕೊಡಪ್ಪ" ಎಂದೆ, ಗಣಿತದ ಮೇಷ್ಟ್ರ ಗತ್ತಿನಲ್ಲಿ. ಉಳಿದ ಎರಡು ಸಾವಿರಕ್ಕೆ ದೀಪದ ಕ್ಯಾಬಿನೆಟ್ ಬಂತು. ದುಡ್ಡು ಎಲ್ಲಿಂದ ಬಂತೆಂದು ಮಗಳು ಕೇಳಿದಾಗ "ಅವರೇ ಬಿಟ್ಟುಕೊಟ್ಟರು ಕಣಮ್ಮ" ಎಂದು ಒಂದು ಸುಳ್ಳನ್ನೂ ಹೇಳಿದೆ.

ಭಾನುವಾರ ಊಟದ ಮೇಜೇ ಕಾರ್ಖಾನೆಯಾಯಿತು. ಮೈಯಲ್ಲಿನ ಸ್ಥಿರವಿದ್ಯುತ್ ಇಳಿಯಲೆಂದು ಮಗಳು ಮತ್ತೆಮತ್ತೆ ಕಿಟಕಿಯ ಸರಳು ಮುಟ್ಟುತ್ತ, ಉಸಿರು ಬಿಗಿಹಿಡಿದು ಎಲ್ಲವನ್ನೂ ಜೋಡಿಸಿದಳು. ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು, ದೀಪಗಳು ಕುಣಿದವು. ಮಾನಿಟರ್ ಮಾತ್ರ "ನೋ ಸಿಗ್ನಲ್" ಎಂದು ಕಪ್ಪಾಯಿತು. ಪೆಟ್ಟಿಗೆಯೊಳಗೆ ದೀಪಾವಳಿ, ಪರದೆಯ ಮೇಲೆ ಅಮಾವಾಸ್ಯೆ!

ಮೂರು ದಿನ ಅವಳು ರ‍್ಯಾಮ್ ಬಿಚ್ಚಿ ಹಾಕಿದಳು, ಕೇಬಲ್ ಬದಲಿಸಿದಳು. ಊಟ ಸೇರಲಿಲ್ಲ. ಮೂರನೆಯ ರಾತ್ರಿ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು: "ಸಾಕೆಟ್ಟಿನ ಪಿನ್ ನಾನೇ ಬಗ್ಗಿಸಿಬಿಟ್ಟೆ ಅನ್ಸುತ್ತೆ. ನಿನ್ನ ಚೀಟಿ ದುಡ್ಡು ಹಾಳು ಮಾಡಿಬಿಟ್ಟೆ ಅಮ್ಮ."

ನನಗೆ ನಿದ್ದೆ ಬರಲಿಲ್ಲ. ಎದ್ದು ಬಿಲ್ ತೆಗೆದೆ. 12100ರ ಪಕ್ಕದಲ್ಲಿ ಎಫ್ ಇತ್ತು. ಅದರ ಅರ್ಥವೇನೆಂದು ಮೊಬೈಲಿನಲ್ಲಿ ಹುಡುಕಿದೆ. ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ! ಬೇರೆ ಕಾರ್ಡ್ ಹಾಕದ ಹೊರತು ಮದರ್‌ಬೋರ್ಡಿನ ಹಿಂದಿರುವ ಎಚ್‌ಡಿಎಂಐ ಕಿಂಡಿಯಿಂದ ಚಿತ್ರ ಬಾರದು. ನಾನು ಕಳೆದದ್ದು ಬರೀ ಎರಡು ಸಾವಿರವನ್ನಲ್ಲ.

ಬೆಳಿಗ್ಗೆ ತಪ್ಪೊಪ್ಪಿಕೊಂಡೆ. ಬೈಯುತ್ತಾಳೆಂದು ಕಾದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಜೋಡಿಸಿದ್ದು ಸರಿಯಾಗೇ ಇದೆ ಅಲ್ವಾ ಅಪ್ಪ?" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಒಡೆದ ಡಬ್ಬಿಯನ್ನು ಅಂಗಡಿಯವರು ವಾಪಸ್ ಪಡೆಯಲಿಲ್ಲ. ಅದು ಅವರ ತಪ್ಪೂ ಅಲ್ಲ. 2,700 ರೂಪಾಯಿಗೆ ಯಾರೋ ಬಳಸಿದ್ದ ಗ್ರಾಫಿಕ್ಸ್ ಕಾರ್ಡ್ ತಂದೆವು. ಎರಡು ಸಾವಿರ ಉಳಿಸಲು ಹೋಗಿ 2,700 ತೆತ್ತೆ; ರೈಲಿನ ಖರ್ಚು ಬೇರೆ. ಅಂದು ಸಂಜೆ ಪರದೆ ಬೆಳಗಿದಾಗ ಮೊದಲು ಚಪ್ಪಾಳೆ ತಟ್ಟಿದವಳು ಚೀಟಿ ಕಟ್ಟಿದವಳೇ.

ಮಕ್ಕಳಿಗೆ ಕಂಪ್ಯೂಟರ್ ಜೋಡಿಸಿಕೊಡಲು ಹೊರಟ ಪೋಷಕರಿಗೆ ನನ್ನದು ಎರಡು ಮಾತು. ನನ್ನ ಲೆಕ್ಕ ಹಿಡಿದು ಅಂಗಡಿಗೆ ಹೋಗಬೇಡಿ. 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಎಗರಿತು, ಅಂದಿನ ದರ ಅಂದೇ ಕೇಳಬೇಕು. ಎಷ್ಟೇ ಚೌಕಾಸಿ ಮಾಡಿ, ವಾರಂಟಿಗಾಗಿ ಜಿಎಸ್‌ಟಿ ಬಿಲ್ ಬಿಡಬೇಡಿ. ಇನ್ನು ವಿದ್ಯಾರ್ಥಿಗಳೇ, ಪಟ್ಟಿಯ ಒಂದೊಂದು ಅಕ್ಷರಕ್ಕೂ ಕಾರಣವನ್ನು ಮನೆಯಲ್ಲೇ ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿ. ನಾವು ಉಳಿಸಲು ಹೊರಡುವುದು ಪ್ರೀತಿಯಿಂದಲೇ. ಎಲ್ಲಿ ಉಳಿಸಬಾರದೆಂದು ಗೊತ್ತಿರುವುದು ನಿಮಗೆ.

ಆ ಕಂಪ್ಯೂಟರ್ ಈಗಲೂ ಚೆನ್ನಾಗಿಯೇ ಓಡುತ್ತಿದೆ. ಬಣ್ಣದ ದೀಪಗಳನ್ನು ಮಾತ್ರ ಮಗಳು ವಾರದೊಳಗೇ ಆರಿಸಿದಳು. ಓದುವಾಗ ಕಣ್ಣಿಗೆ ಹೊಡೆಯುತ್ತದಂತೆ.