ಕೌಫ್‌ಮನ್ ಎಂಬ ಮನೆತನದ ಹೆಸರು

ವಾಲ್ಟರ್ ಕೌಫ್‌ಮನ್ ಯಾರು ಎಂದು ಹುಡುಕಹೊರಟರೆ ಒಬ್ಬರಲ್ಲ, ಮೂವರು ಎದುರಾಗುತ್ತಾರೆ. ಒಬ್ಬರು ಭೌತವಿಜ್ಞಾನಿ, ವೇಗ ಏರಿದಂತೆ ಇಲೆಕ್ಟ್ರಾನಿನ ದ್ರವ್ಯರಾಶಿಯೂ ಏರುವುದನ್ನು 1900ರ ಆಸುಪಾಸಿನಲ್ಲಿ ಪ್ರಯೋಗ ಮಾಡಿ ತೋರಿಸಿದವರು. ಇನ್ನೊಬ್ಬರು ನೀಚೆಯನ್ನು ಇಂಗ್ಲಿಷಿಗೆ ಅನುವಾದಿಸಿದ ತತ್ತ್ವಶಾಸ್ತ್ರಜ್ಞ. ಮೂರನೆಯವರನ್ನು ನಾವು ನೋಡಿಲ್ಲ, ಆದರೆ ಕೇಳಿದ್ದೇವೆ. ಆಕಾಶವಾಣಿಯ ಬೆಳಗಿನ ಪ್ರಸಾರಕ್ಕೆ ಮುಂಚೆ ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಹಾಡುತ್ತದಲ್ಲ, ಆ ಸಿಗ್ನೇಚರ್ ಟ್ಯೂನ್ ಅವರದು.

ಕೌಫ್‌ಮನ್ ಅಂದರೆ ವ್ಯಾಪಾರಿ. ಮಧ್ಯಯುಗದ ಜರ್ಮನ್ ಪಟ್ಟಣಗಳಲ್ಲಿ ಸರಕು ಕೊಂಡು ಮಾರುವವನನ್ನು ಊರವರು ಹಾಗೆ ಕರೆದರು. ಮೊಮ್ಮಗ ಬೇರೆ ಕಸುಬು ಹಿಡಿದರೂ ಹೆಸರು ಮನೆತನವನ್ನು ಬಿಡಲಿಲ್ಲ. ಯಹೂದಿಗಳ ಮನೆಗೆ ಅದು ಬಂದ ದಾರಿ ಬೇರೆ. ಅವರಲ್ಲಿ ಹೆಚ್ಚಿನವರಿಗೆ ಇಂಥವನ ಮಗ ಇಂಥವನು ಎಂದರೆ ಸಾಕಾಗಿತ್ತು. ರಾಜ್ಯಕ್ಕೆ ಸಾಕಾಗಲಿಲ್ಲ. ತೆರಿಗೆಗೂ ಸೈನ್ಯಕ್ಕೂ ಪಟ್ಟಿ ಬೇಕಿತ್ತು. 1787ರಲ್ಲಿ ಆಸ್ಟ್ರಿಯವನ್ನಾಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ ತನ್ನ ರಾಜ್ಯದ ಯಹೂದಿಗಳೆಲ್ಲ ಕಾಯಂ ಜರ್ಮನ್ ಹೆಸರು ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. 1808ರಲ್ಲಿ ನೆಪೋಲಿಯನ್, 1812ರಲ್ಲಿ ಪ್ರಶ್ಯ ಅದೇ ದಾರಿ ಹಿಡಿದರು. ಹೀಗೆ ಅನೇಕ ವ್ಯಾಪಾರಸ್ಥರು ಕೌಫ್‌ಮನ್ ಆದರು. ಎಲ್ಲರೂ ವ್ಯಾಪಾರಸ್ಥರಲ್ಲ. ಪ್ರಾರ್ಥನೆಯಲ್ಲಿ ಯಾಕೋಬ್ ಎನಿಸಿಕೊಂಡವನನ್ನು ಬೀದಿಯಲ್ಲಿ ಕೋಪೆಲ್ ಅಥವಾ ಕೌಫ್‌ಮನ್ ಎಂದು ಕೂಗುವ ರೂಢಿ ಯಹೂದಿಗಳಲ್ಲಿತ್ತು. ಕೆಲವು ಮನೆಗಳಲ್ಲಿ ಈ ಹೆಸರಿನ ಹಿಂದೆ ಅಂಗಡಿಯಿಲ್ಲ, ಯಾಕೋಬನೆಂಬ ಅಜ್ಜನಿದ್ದಾನೆ. ನನಗೆ ಪ್ರಿಯವಾದ ಮೂಲ ಇದೇ.

ಆದ್ದರಿಂದ ಹೆಸರು ನೋಡಿ ಮತ ಹೇಳಲಾಗದು. ಉತ್ತರ ಕರ್ನಾಟಕದ ಪಾಟೀಲರಲ್ಲಿ ಲಿಂಗಾಯತರು, ಜೈನರು, ಮುಸಲ್ಮಾನರು ಎಲ್ಲರೂ ಇರುವ ಹಾಗೆ. ಜರ್ಮನಿಯಲ್ಲಿ ಇಂದಿಗೂ ಕೌಫ್‌ಮನ್ನರು ತುಂಬ. ಅಮೆರಿಕಕ್ಕೆ ಹೋದವರಲ್ಲಿ ಕೆಲವರು ಒಂದು ಅಕ್ಷರ ಬಿಟ್ಟೋ ಸೇರಿಸಿಯೋ ಕಾಫ್‌ಮನ್ ಆದರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆ ಮನೆ ಕಟ್ಟಿಕೊಟ್ಟದ್ದು ಪಿಟ್ಸ್‌ಬರ್ಗಿನ ಕೌಫ್‌ಮನ್ ಎಂಬ ಯಹೂದಿ ವರ್ತಕನಿಗೆ. ತತ್ತ್ವಶಾಸ್ತ್ರಜ್ಞ ಕೌಫ್‌ಮನ್ನರ ಕಥೆಯಂತೂ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. 1921ರಲ್ಲಿ ಫ್ರೈಬುರ್ಗಿನಲ್ಲಿ ಹುಟ್ಟಿ, ಲೂಥರನ್ ಕ್ರೈಸ್ತನಾಗಿ ಬೆಳೆದ ಹುಡುಗ, ತಾನೇ ಯೋಚಿಸಿ ಯಹೂದಿ ಮತ ಸೇರಿದ. ತನ್ನ ಅಜ್ಜ ಅಜ್ಜಿಯರೆಲ್ಲ ಯಹೂದಿಗಳೇ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಹೆಸರುಗಳ ಈ ಬೆರಕೆಯೇ ನಾಜಿಗಳಿಗೆ ಸಹಿಸಲಾಗದಾಯಿತು. ಹಿಂದೆ ರಾಜ್ಯವೇ ಬರೆಸಿದ್ದ ಜರ್ಮನ್ ಹೆಸರುಗಳ ನಡುವೆ ಯಹೂದಿ ಯಾರೆಂದು ಕಾಣುತ್ತಿರಲಿಲ್ಲ. 1938ರ ಆಗಸ್ಟಿನ ಆದೇಶದ ಪ್ರಕಾರ, ಸರ್ಕಾರದ ಪಟ್ಟಿಯಲ್ಲಿದ್ದ ಯಹೂದಿ ಹೆಸರು ಇಲ್ಲದ ಯಹೂದಿಗಳೆಲ್ಲ 1939ರ ಜನವರಿ 1ರಿಂದ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕಾಯಿತು: ಗಂಡಸರು ಇಸ್ರಾಯೆಲ್, ಹೆಂಗಸರು ಸಾರಾ. ತಾಯಿ ಮಗುವಿಗೆ ಇಟ್ಟ ಹೆಸರಿನ ಪಕ್ಕ ಸರ್ಕಾರ ಹೊಡೆದ ಆ ಮುದ್ರೆಯನ್ನು ನಾನು ಕ್ಷಮಿಸಲಾರೆ.

ಸಂಗೀತಗಾರ ಕೌಫ್‌ಮನ್ ಅದಕ್ಕೆ ಮುಂಚೆಯೇ ಹೊರಟಿದ್ದರು. ಜೋಸೆಫನ ಆಜ್ಞೆ ನಡೆದಿದ್ದ ಬೊಹೀಮಿಯದ ಕಾರ್ಲ್ಸ್‌ಬಾಡ್ ಅವರ ಊರು, ಹುಟ್ಟಿದ್ದು 1907ರಲ್ಲಿ. ಪ್ರಾಗಿನಲ್ಲಿ ಓದಿ, 1934ರಲ್ಲಿ ಮುಂಬಯಿಗೆ ಬಂದರು. ನಮ್ಮ ಸಂಗೀತ ಮೊದಲಿಗೆ ಒಗ್ಗದಿದ್ದರೂ ಬಿಡದೆ ಕೇಳಿದರು. ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು, 1946ರವರೆಗೆ ಇಲ್ಲಿದ್ದರು. ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ನೆಲೆಸಿ, ಉತ್ತರ ಭಾರತದ ರಾಗಗಳ ಮೇಲೊಂದು, 1976ರಲ್ಲಿ ದಕ್ಷಿಣದ ರಾಗಗಳ ಮೇಲೊಂದು ದೊಡ್ಡ ಗ್ರಂಥ ಹೊರತಂದರು. ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಶುರುಮಾಡಿದ ನಿಲಯದಿಂದ ಬಂದದ್ದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗೆಯೇ ವರ್ಷಕ್ಕೊಮ್ಮೆಯಾದರೂ ಆ ಸಿಗ್ನೇಚರ್ ಟ್ಯೂನ್ ಮುಗಿದ ಮೇಲೆ ಉದ್ಘೋಷಕರು ವಾಲ್ಟರ್ ಕೌಫ್‌ಮನ್ನರ ಹೆಸರನ್ನೂ ಹೇಳಲಿ ಎಂಬುದು ನನ್ನ ಆಸೆ.